ಗುಂಡಿಯ ಆಳ, ಕತ್ತರಿಯ ಲೆಕ್ಕ

ಇಂಗ್ಲೆಂಡಿನಲ್ಲಿ ಹಣ್ಣಿನ ಪೊದೆ ನೆಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಗುಂಡಿ ತೋಡುವ ಮುಂಚೆ, ಆ ಗಿಡ ಎಷ್ಟು ವಯಸ್ಸಿನ ಕಡ್ಡಿಯ ಮೇಲೆ ಹಣ್ಣು ಬಿಡುತ್ತದೆ ಎಂದು ತಿಳಿದುಕೊಳ್ಳಿ. ಎಷ್ಟು ಆಳಕ್ಕೆ ನೆಡಬೇಕು, ನೆಟ್ಟ ದಿನ ಎಷ್ಟು ಕತ್ತರಿಸಬೇಕು, ಐದು ವರ್ಷದ ನಂತರ ಯಾವ ಕೊಂಬೆ ಉಳಿಸಿ ಯಾವುದನ್ನು ತೆಗೆಯಬೇಕು ಎಂಬುದೆಲ್ಲ ಆ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಈ ಮಾತು ನನಗೆ ಬಂದದ್ದು ಅಪ್ಪಯ್ಯನಿಂದ. ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ರೆಡಿಂಗ್ ಊರಿನಲ್ಲಿ ನನಗೆ ಅಲಾಟ್‌ಮೆಂಟ್ ಸಿಕ್ಕಿತು, ಹಣ್ಣಿನ ಗಿಡ ಹಾಕಬೇಕೆಂದಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅವರು ಗಿಡದ ಹೆಸರು ಕೇಳಲಿಲ್ಲ. "ಹಳೇ ಕಡ್ಡಿ ಮೇಲೆ ಬಿಡ್ತದೋ, ಹೊಸ ಕಡ್ಡಿ ಮೇಲೆ ಬಿಡ್ತದೋ, ಅದನ್ನ ಮೊದ್ಲು ಕೇಳ್ಕೊ ಮಗ. ಆಮೇಲೆ ಗುಂಡಿ ತೆಗಿ" ಎಂದರು. ಕಾಫಿ ಬೆಳೆಯುವವರಿಗೆ ಇದು ರಕ್ತದಲ್ಲಿರುವ ವಿದ್ಯೆ. ಅರೇಬಿಕಾ ಕಾಫಿ ಹೂಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಕುಯಿಲು ಮುಗಿದ ಮೇಲೆ ಮಾಡುವ ಕಸಿಯೆಲ್ಲ, ಅಂದರೆ ರೆಂಬೆ ಸವರುವ ಕೆಲಸವೆಲ್ಲ, ಮುಂದಿನ ವರ್ಷದ ಆ ಕಡ್ಡಿಯನ್ನು ಗಿಡದಿಂದ ಬೆಳೆಸಿಕೊಳ್ಳುವುದಕ್ಕಾಗಿಯೇ. ಕಪ್ಪು ಕರಂಟ್ ಎಂಬ, ಅಪ್ಪಯ್ಯ ಕಣ್ಣಿಂದಲೂ ಕಾಣದ ಗಿಡಕ್ಕೆ ಅವರ ಪ್ರಶ್ನೆ ಅಳತೆ ತೆಗೆದಂತೆ ಕೂತಿತು.

ಅಲಾಟ್‌ಮೆಂಟ್ ಎಂದರೇನು ಎಂದು ಊರಿನ ನೆಂಟರು ಈಗಲೂ ಕೇಳುತ್ತಾರೆ. ಊರಿನ ಕೌನ್ಸಿಲ್ ಜನರಿಗೆ ವರ್ಷದ ಬಾಡಿಗೆಗೆ ಕೊಡುವ ಬೇಸಾಯದ ತುಂಡು ನೆಲ ಅದು. ಪೂರ್ತಿ ತಾಕಿನ ಹಳೆಯ ಅಳತೆ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಈಗ ಬೇಡಿಕೆ ಹೆಚ್ಚಿರುವುದರಿಂದ ಹಲವು ಊರುಗಳಲ್ಲಿ ಅರ್ಧ ತಾಕೇ ಸಿಗುವುದು. ಅಕ್ಕಪಕ್ಕದಲ್ಲಿ ಸಾಲಾಗಿ ಇಂಥ ತಾಕುಗಳು, ನಡುವೆ ಹುಲ್ಲಿನ ಕಾಲುದಾರಿ, ಮೂಲೆಯಲ್ಲಿ ನಲ್ಲಿ, ಒಬ್ಬೊಬ್ಬರದೂ ಒಂದೊಂದು ಮರದ ಗೂಡು.

ಇದರ ಹಿಂದೆ ಗಟ್ಟಿ ಕಾನೂನಿದೆ. ಊರಿನ ಸಾಮುದಾಯಿಕ ಗೋಮಾಳಗಳಿಗೆ ಜಮೀನುದಾರರು ಬೇಲಿ ಹಾಕಿಕೊಂಡ ಕಾಲದಲ್ಲಿ ನೆಲ ಕಳೆದುಕೊಂಡ ಬಡವರಿಗೆ ಒಂದು ತುಂಡಾದರೂ ಬೇಕು ಎಂಬ ಒತ್ತಾಯದಿಂದ ಬೆಳೆದು ಬಂದದ್ದು ಇದು. 1908ರ ಕಾಯ್ದೆ ಬೇಡಿಕೆಯಿದ್ದಲ್ಲಿ ತಾಕು ಒದಗಿಸುವ ಹೊಣೆಯನ್ನು ಕೌನ್ಸಿಲ್‌ಗಳ ಮೇಲೆ ಹೊರಿಸಿತು. 1922ರ ಕಾಯ್ದೆ, ಮುಖ್ಯವಾಗಿ ತನಗೂ ತನ್ನ ಮನೆಯವರಿಗೂ ಬೇಕಾದ ತರಕಾರಿ, ಹಣ್ಣು ಬೆಳೆಯುವ ನೆಲ ಎಂದು ಅದನ್ನು ವಿವರಿಸಿತು. ಅಲಾಟ್‌ಮೆಂಟಿಗೆಂದೇ ಪಡೆದ ನೆಲವನ್ನು ಸಚಿವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದದ್ದು 1925ರ ಕಾಯ್ದೆ. ಬಾಡಿಗೆ ನೆಲದಲ್ಲಿ ಹದಿನೈದು ವರ್ಷ ಬಾಳುವ ಗಿಡ ಹಾಕಬೇಕೇ ಎಂದು ಹಿಂಜರಿಯುವವರಿಗೆ 1908ರ ಕಾಯ್ದೆಯಲ್ಲೇ ಸಮಾಧಾನವಿದೆ: ತಾಕು ಬಿಡುವಾಗ ಪರಿಹಾರ ಸಿಗದ ಹಣ್ಣಿನ ಗಿಡ, ಪೊದೆಗಳನ್ನು, ತಾನೇ ನೆಟ್ಟದ್ದಾದರೆ, ಬಾಡಿಗೆದಾರ ಕಿತ್ತುಕೊಂಡು ಹೋಗಬಹುದು. ದೊಡ್ಡ ಮರ ಹಾಕಲು ಹೆಚ್ಚಿನ ಕಡೆ ಬಿಡುವುದಿಲ್ಲ, ನೆರಳು ಪಕ್ಕದವರ ಮೇಲೆ ಬೀಳುತ್ತದೆ. ಪೊದೆಗೆ ಅಡ್ಡಿಯಿಲ್ಲ.

ನೆಡುವ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಎಲೆ ಉದುರಿಸಿ ಗಿಡ ನಿದ್ದೆಯಲ್ಲಿರುವಾಗ ನರ್ಸರಿಯವರು ಅದನ್ನು ಕಿತ್ತು, ಬೇರಿನ ಮಣ್ಣು ಉದುರಿಸಿ, ಬರಿಬೇರಿನಲ್ಲೇ ಕಳಿಸುತ್ತಾರೆ. ಕುಂಡದ ಗಿಡಕ್ಕಿಂತ ಅಗ್ಗ, ಬೇಗ ಊರಿಕೊಳ್ಳುತ್ತದೆ. ಕಟ್ಟು ಬಿಚ್ಚಿದರೆ ಒಣಕಲು ಕಡ್ಡಿಗಳು ಕಾಣುತ್ತವೆ, ಮಲೆನಾಡಿನಿಂದ ಬಂದವರಿಗೆ ಇದರಲ್ಲಿ ಜೀವವಿದೆ ಎಂದು ನಂಬುವುದೇ ಕಷ್ಟ. ನೆಲ ಹೆಪ್ಪುಗಟ್ಟಿರುವಾಗ, ನೀರು ನಿಂತಿರುವಾಗ ನೆಡಬಾರದು. ಅಂಥ ದಿನ ಗಿಡ ಬಂದರೆ ಒಂದು ಕಡೆ ಸಣ್ಣ ಚರಂಡಿ ತೋಡಿ ಬೇರಿನ ಮೇಲೆ ಹಸಿ ಮಣ್ಣೆಳೆದು ಮಲಗಿಸಿಟ್ಟರೆ ವಾರಗಟ್ಟಲೆ ಕಾಯುತ್ತದೆ. ನೆಡುವ ಮುಂಚೆ ಬೇರನ್ನು ಬಕೆಟಿನ ನೀರಿನಲ್ಲಿ ನೆನೆಸಿ, ಗಾಳಿಗೆ ಒಣಗಲು ಬಿಡಬೇಡಿ.

ಇದೆಲ್ಲಕ್ಕೂ ಮುಂಚಿನ ಕೆಲಸ ಕಳೆ. ತರಕಾರಿ ಮಡಿಯಲ್ಲಿ ಕಳೆ ಉಳಿದರೆ ಬೆಳೆ ತೆಗೆದ ಮೇಲೆ ಮತ್ತೆ ಅಗೆಯಬಹುದು. ಪೊದೆಯ ಬುಡದಲ್ಲಿ ಉಳಿದರೆ ಹದಿನೈದು ವರ್ಷ ಅದರ ಜೊತೆ ಬಾಳಬೇಕು. ಇಲ್ಲಿನ ಇಬ್ಬರು ಶತ್ರುಗಳು ಬೈಂಡ್‌ವೀಡ್ ಮತ್ತು ಕೌಚ್ ಹುಲ್ಲು. ಬೈಂಡ್‌ವೀಡ್‌ನದು ಮುರಿದರೆ ಪಟಕ್ಕನೆ ತುಂಡಾಗುವ ಬಿಳಿ ಬೇರು, ಬೆರಳುದ್ದ ಉಳಿದರೂ ಬಳ್ಳಿಯಾಗಿ ಎದ್ದು ಕರಂಟ್ ಗಿಡವನ್ನು ಸುತ್ತಿಕೊಳ್ಳುತ್ತದೆ. ಕೌಚ್ ನಮ್ಮ ಗರಿಕೆಯ ಹಾಗೆ ನೆಲದೊಳಗೇ ಓಡುತ್ತದೆ. ರಾಸ್ಪ್‌ಬೆರಿಯ ಮೇಲುಬೇರಿನ ನಡುವೆ ಅದು ಸೇರಿಕೊಂಡರೆ ಒಂದನ್ನು ಕೀಳದೆ ಇನ್ನೊಂದನ್ನು ಕೀಳಲಾಗದು. ಆದ್ದರಿಂದ ಹೊಸ ತಾಕು ಸಿಕ್ಕ ಮೊದಲ ವರ್ಷ ಹಣ್ಣಿನ ಜಾಗಕ್ಕೆ ಗಿಡ ಹಾಕದೆ ಕಪ್ಪು ಹೊದಿಕೆ ಮುಚ್ಚಿ ಬಿಡಿ, ಇಲ್ಲವೇ ಆಲೂಗಡ್ಡೆ ಹಾಕಿ ಎರಡು ಬಾರಿ ಅಗೆದು ಬೇರು ಹೆಕ್ಕಿ. ಒಂದು ವರ್ಷ ಹೋಯಿತೆಂದು ಮರುಗಬೇಡಿ.

ಈಗ ಕಪ್ಪು ಕರಂಟ್. ಇದು ಹಣ್ಣು ಕೊಡುವುದು ಮುಖ್ಯವಾಗಿ ಕಳೆದ ಬೇಸಿಗೆಯಲ್ಲಿ ಬೆಳೆದ ಕಡ್ಡಿಯ ಮೇಲೆ. ಹಾಗಾದರೆ ನಮಗೆ ಬೇಕಾದ್ದು ಪ್ರತಿವರ್ಷ ಬುಡದಿಂದ ಹೊಸ ಕಡ್ಡಿ. ಅದನ್ನು ಹೊರಡಿಸಲು ಗಿಡವನ್ನು ನರ್ಸರಿಯಲ್ಲಿ ಇದ್ದದ್ದಕ್ಕಿಂತ ಸುಮಾರು ಎರಡು ಇಂಚು ಆಳಕ್ಕೆ ನೆಡುತ್ತಾರೆ. ಕಾಂಡದ ಮೇಲೆ ಹಳೆಯ ಮಣ್ಣಿನ ಗುರುತು ಕಾಣುತ್ತದೆ, ಅದು ಮಣ್ಣಿನೊಳಗೆ ಹೋಗಬೇಕು. ಮಣ್ಣಿನಡಿ ಸೇರಿದ ಕಣ್ಣುಗಳು ಒಡೆದು ನೆಲದಿಂದಲೇ ಹತ್ತಾರು ಕಡ್ಡಿ ಮೇಲೇಳುತ್ತವೆ. ಒಂದು ಪೊದೆಯಿಂದ ಇನ್ನೊಂದಕ್ಕೆ ಒಂದೂವರೆ ಮೀಟರಾದರೂ ಬೇಕು.

ನೆಟ್ಟ ಮೇಲಿನ ಕೆಲಸ ಹೊಸಬರಿಗೆ ಕರುಳು ಹಿಂಡುತ್ತದೆ. ಇರುವ ಕಡ್ಡಿಗಳನ್ನೆಲ್ಲ ನೆಲದಿಂದ ಒಂದೆರಡು ಕಣ್ಣು ಉಳಿಸಿ ಕತ್ತರಿಸಬೇಕು. ದುಡ್ಡು ಕೊಟ್ಟು ತಂದ ಗಿಡ ನೆಲಮಟ್ಟಕ್ಕೆ ಬಂದಿರುತ್ತದೆ, ಮೊದಲ ಬೇಸಿಗೆಯಲ್ಲಿ ಒಂದು ಹಣ್ಣೂ ಇರುವುದಿಲ್ಲ. ನಮ್ಮ ಸಾಲಿನಲ್ಲಿ ಹೊಸದಾಗಿ ಬಂದವರು ಇದನ್ನು ಕೇಳಿ ಕತ್ತರಿ ಕೆಳಗಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ, ಪಕ್ಕದಲ್ಲೇ ನಿಂತು ಮಾಡಿಸುತ್ತೇನೆ. ಏಕೆಂದರೆ ಆ ಬೇಸಿಗೆಯಲ್ಲಿ ಬೇರಿನ ಶಕ್ತಿಯೆಲ್ಲ ಹೊಸ ಕಡ್ಡಿಗೆ ಹೋಗುತ್ತದೆ, ಅದರ ಮುಂದಿನ ವರ್ಷ ಆ ಕಡ್ಡಿಗಳೇ ತೂಗುತ್ತವೆ. ಆಮೇಲೆ ಪ್ರತಿ ಚಳಿಗಾಲ ಪೊದೆಯ ಮೂರನೇ ಒಂದು ಪಾಲು ಹಳೇ ಕೊಂಬೆಗಳನ್ನು ಬುಡದವರೆಗೂ ತೆಗೆಯಬೇಕು. ಯಾವುದು ಹಳೆಯದೆಂದು ಬಣ್ಣವೇ ಹೇಳುತ್ತದೆ: ಹೊಸ ಕಡ್ಡಿ ತಿಳಿಗಂದು, ಹಳೆಯದು ಕಪ್ಪು. ಕರಂಟ್‌ಗಳಲ್ಲಿ ಗೊಬ್ಬರಕ್ಕೆ ಅತಿ ಹಸಿದದ್ದು ಇದೇ. ಕೊಳೆತ ಕೊಟ್ಟಿಗೆ ಗೊಬ್ಬರ ಬುಡಕ್ಕೆ ದಪ್ಪಗೆ ಹಾಕಿ ದರಗು ಮುಚ್ಚಿದರೆ ಮಾತ್ರ ಪ್ರತಿವರ್ಷ ಇಷ್ಟು ಕಡ್ಡಿ ಕೊಡಲು ಅದಕ್ಕೆ ಸಾಧ್ಯ.

ಬ್ರಿಟಿಷರಿಗೆ ಈ ಹಣ್ಣಿನ ಮೇಲೆ ವಿಶೇಷ ಮಮತೆ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಹೊತ್ತ ಹಡಗುಗಳು ಬಾರದಾದಾಗ ಮಕ್ಕಳಿಗೆ ವಿಟಮಿನ್ ಸಿ ಎಲ್ಲಿಂದ ಎಂಬ ಪ್ರಶ್ನೆ ಬಂತು. ತೂಕಕ್ಕೆ ತೂಕ ಕಿತ್ತಳೆಯ ಮೂರು ಪಟ್ಟಿಗೂ ಹೆಚ್ಚು ವಿಟಮಿನ್ ಸಿ ಇರುವ ಕಪ್ಪು ಕರಂಟನ್ನು ಬೆಳೆಯಲು ಸರ್ಕಾರವೇ ಪ್ರೋತ್ಸಾಹಿಸಿತು, ಅದರ ಪಾನಕವನ್ನು ಪುಟ್ಟ ಮಕ್ಕಳಿಗೆ ಹಂಚಿತು. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಇದೇ ಗಿಡಕ್ಕೆ ನಿಷೇಧ. ಬಿಳಿ ಪೈನ್ ಮರಗಳ ತುಕ್ಕುರೋಗ ಕರಂಟ್ ಗಿಡದ ಮೂಲಕ ದಾಟುತ್ತದೆಂದು 1911ರಲ್ಲಿ ಹೇರಿದ ಕೇಂದ್ರ ನಿಷೇಧ ತೆರವಾದದ್ದು 1966ರಲ್ಲಿ. ನಾವು ಈಗ ನೆಡುವ ತಳಿಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಡಂಡೀ ಬಳಿಯ ಇನ್ವರ್‌ಗೌರಿ ಸಂಶೋಧನಾ ಕೇಂದ್ರದವು. ಬೆನ್ ಲೋಮಂಡ್ ಎಂಬಂತೆ ಹಲವಕ್ಕೆ ಅಲ್ಲಿನ ಬೆಟ್ಟಗಳ ಹೆಸರು. ಅರ್ಧ ತಾಕಿನವರಿಗೆ ನನ್ನ ಆಯ್ಕೆ ಬೆನ್ ಸಾರೆಕ್. ಎದೆಮಟ್ಟದಲ್ಲೇ ನಿಲ್ಲುತ್ತದೆ, ಫಲ ಮಾತ್ರ ಧಾರಾಳ.

ಕೆಂಪು ಕರಂಟ್, ಬಿಳಿ ಕರಂಟ್, ಗೂಸ್‌ಬೆರಿ ಮೂರೂ ಕಪ್ಪು ಕರಂಟಿನ ದಾಯಾದಿಗಳೇ. (ಗೂಸ್‌ಬೆರಿಗೂ ನಮ್ಮ ನೆಲ್ಲಿಗೂ ಸಂಬಂಧವಿಲ್ಲ. ಇದು ಮುಳ್ಳಿನ ಪೊದೆ, ಹುಳಿಹಣ್ಣು.) ಆದರೆ ಇವು ಫಲ ಬಿಡುವುದು ಹಳೆಯ ಕೊಂಬೆಯ ಮೇಲಿನ ಕುಡಿಗಳಲ್ಲಿ. ಕೊಂಬೆ ವರ್ಷಾನುಗಟ್ಟಲೆ ಉಳಿಯಬೇಕಾದ್ದರಿಂದ ಎಲ್ಲವೂ ತಿರುಗುಮುರುಗು. ಬುಡದಿಂದ ಹೊಸ ಕಡ್ಡಿ ನಮಗೆ ಬೇಡ, ಆದ್ದರಿಂದ ಆಳಕ್ಕೆ ನೆಡಬಾರದು. ಹಳೇ ಮಣ್ಣಿನ ಗುರುತು ನೆಲಕ್ಕೆ ಸರಿಯಾಗಿರಬೇಕು. ಮೇಲೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಬರಿ ಕಾಂಡ, ಅದರ ಮೇಲೆ ನಾಲ್ಕೈದು ಕೊಂಬೆ ಸುತ್ತಲೂ ಚೆಲ್ಲಿ, ನಡುವೆ ಬಟ್ಟಲಿನಷ್ಟು ಬಯಲು. ಬರಿ ಕಾಂಡದಲ್ಲಿ ಎದ್ದ ಕುಡಿಯನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಚಿವುಟಿ.

ನಡುವಿನ ಆ ಬಯಲು ಗೂಸ್‌ಬೆರಿಗೆ ಜೀವದ ಪ್ರಶ್ನೆ. ಅಮೆರಿಕದಿಂದ ಬಂದ ಬೂದಿರೋಗ 1900ರ ಆಸುಪಾಸು ಈ ದ್ವೀಪಗಳನ್ನು ಹೊಕ್ಕು ಗೂಸ್‌ಬೆರಿ ತೋಟಗಳನ್ನು ಹಾಳುಗೆಡವಿತು. ಗಾಳಿಯಾಡದ, ಸಾರಜನಕ ಹೆಚ್ಚಾಗಿ ಮೆತ್ತಗೆ ಬೆಳೆದ ಪೊದೆಯಲ್ಲಿ ಅದು ಈಗಲೂ ಮೊದಲು ಕಾಣಿಸುತ್ತದೆ. ಆದ್ದರಿಂದ ಕಪ್ಪು ಕರಂಟಿಗೆ ಸುರಿಯುವ ಗೊಬ್ಬರ ಇದಕ್ಕೆ ಸಲ್ಲದು, ಇದಕ್ಕೆ ಪೊಟ್ಯಾಷ್ ಬೇಕು. ಇನ್‌ವಿಕ್ಟಾ ಎಂಬ ತಳಿ ಬೂದಿರೋಗವನ್ನು ತಡೆದುಕೊಳ್ಳುತ್ತದೆ, ಮುಳ್ಳು ಮಾತ್ರ ಭಯಂಕರ. ಇನ್ನು ಏಪ್ರಿಲ್ ಕೊನೆಯಿಂದ ಸಾಫ್ಲೈ ಎಂಬ ಕೀಟದ ಮರಿಹುಳು. ಅದು ಪೊದೆಯ ನಡುವೆ, ತಗ್ಗಿನ ಎಲೆಗಳಲ್ಲಿ ಶುರುಮಾಡಿ ಕೆಲವೇ ದಿನಗಳಲ್ಲಿ ಗಿಡವನ್ನು ಬೋಳಾಗಿಸುತ್ತದೆ. ನಡು ತೆರೆದಿದ್ದರೆ ಹುಳು ಕಣ್ಣಿಗೆ ಬೀಳುತ್ತದೆ, ಕೈಯಲ್ಲೇ ಹೆಕ್ಕಬಹುದು. ನಾನು ಮದ್ದು ಹೊಡೆಯುವುದಿಲ್ಲ. ಗೂಸ್‌ಬೆರಿ ಬೇಗ ಹೂಬಿಡುವ ಗಿಡ, ಚಳಿ ಮುಗಿಸಿ ಎದ್ದ ದುಂಬಿಗಳಿಗೆ ಅದು ಮೊದಮೊದಲ ಊಟ.

ಕಡ್ಡಿ ಊರಿ ಹೊಸ ಗಿಡ ಮಾಡುವಾಗಲೂ ಕಪ್ಪು ಕರಂಟಿಗೂ ಕೆಂಪು ಕರಂಟಿಗೂ ಇರುವ ಈ ಭೇದ ಹಾಗೆಯೇ ಮುಂದುವರಿಯುತ್ತದೆ, ಅಪ್ಪಯ್ಯನಿಗೆ ಬಹಳ ಮೆಚ್ಚುಗೆಯಾದದ್ದು ಇದು. ಎಲೆ ಉದುರಿದ ಮೇಲೆ ಗೇಣುದ್ದದ ಹೊಸ ಕಡ್ಡಿ ಕತ್ತರಿಸಿ ನೆಲದಲ್ಲಿ ಊರಿದರೆ ಸಾಕು, ಮುಂದಿನ ಚಳಿಗಾಲಕ್ಕೆ ಬೇರು ಬಿಟ್ಟಿರುತ್ತದೆ. ಕಪ್ಪು ಕರಂಟಿನ ಕಡ್ಡಿಯಲ್ಲಿ ಎಲ್ಲ ಕಣ್ಣೂ ಇರಲಿ. ಕೆಂಪು ಕರಂಟಿನದಾದರೆ ತುದಿಯ ಮೂರು ನಾಲ್ಕು ಕಣ್ಣು ಬಿಟ್ಟು ಕೆಳಗಿನವನ್ನೆಲ್ಲ ಉಗುರಿನಿಂದ ಕಿತ್ತು ಊರಬೇಕು, ಬರಿ ಕಾಂಡ ಅಲ್ಲಿಂದಲೇ ತಯಾರಾಗುತ್ತದೆ. ಆದರೆ ಕಡ್ಡಿ ತೆಗೆಯುವ ಗಿಡ ಆರೋಗ್ಯವಾಗಿರಲಿ. ಕಪ್ಪು ಕರಂಟಿನ ಮೊಗ್ಗು ಚಳಿಗಾಲದಲ್ಲಿ ಗುಂಡಗೆ ಊದಿದ್ದರೆ ಒಳಗೆ ಕಣ್ಣಿಗೆ ಕಾಣದ ನುಸಿ ಇದೆ ಎಂದರ್ಥ. ಅದು ಹರಡುವ ರಿವರ್ಷನ್ ವೈರಸ್‌ಗೆ ಮದ್ದಿಲ್ಲ, ಗಿಡ ಕಿತ್ತು ಸುಡುವುದೊಂದೇ ದಾರಿ.

ರಾಸ್ಪ್‌ಬೆರಿ ಬೇರೆಯೇ ಜಾತಿ, ಗುಲಾಬಿಯ ಬಳಗ. ಬೇರು ವರ್ಷಾನುಗಟ್ಟಲೆ ಬದುಕುತ್ತದೆ, ನೆಲದಿಂದೇಳುವ ಕೋಲಿನ ಆಯುಷ್ಯ ಎರಡೇ ವರ್ಷ. ಬೇರು ಮೇಲುಮೇಲೆ ಹರಿದು ಕಂದು ಎಬ್ಬಿಸುವ ಗಿಡವಾದ್ದರಿಂದ ಆಳ ಇದಕ್ಕೆ ಆಗದು. ಎರಡು ಇಂಚು ಮಣ್ಣು ಮೇಲೆ ಬಂದರೆ ಸಾಕು, ಬೇರನ್ನು ಅಡ್ಡಕ್ಕೆ ಹರಡಿ ಮುಚ್ಚಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ನನ್ನ ತಾಕಿನದು ಅಂಟುವ ಜೇಡಿಮಣ್ಣಾದ್ದರಿಂದ ಏರು ಕಟ್ಟಿ ಅದರ ಮೇಲೆ ನೆಟ್ಟಿದ್ದೇನೆ, ಶುಂಠಿ ಪಟ್ಟೆ ಮಾಡಿದವರಿಗೆ ಇದು ಹೊಸತಲ್ಲ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿಂದ ಸಾಲಿಗೆ ಆರಡಿ. ಎರಡು ತುದಿಗೆ ಗಟ್ಟಿ ಗೂಟ, ನಡುವೆ ಮೂರು ಎತ್ತರದಲ್ಲಿ ತಂತಿ, ಮೇಲಿನದು ಐದಡಿಗೆ. ಗೂಟವನ್ನು ಗಿಡಕ್ಕಿಂತ ಮುಂಚೆ ಹುಗಿಯಿರಿ. ಸುಣ್ಣ ಇದಕ್ಕೆ ವೈರಿ. ಅಣಬೆ ತೋಟದ ಹಳೇ ಗೊಬ್ಬರದಲ್ಲಿ ಸುಣ್ಣವಿರುವುದರಿಂದ ಅಗ್ಗವಾಗಿ ಸಿಕ್ಕರೂ ಬೇಡ, ಎಲೆ ಹಳದಿಗಟ್ಟುತ್ತದೆ.

ಕತ್ತರಿಯ ವಿಷಯದಲ್ಲಿ ಇಲ್ಲಿ ಎರಡು ಬಗೆ. ಬೇಸಿಗೆಯ ತಳಿಗಳು ಕಳೆದ ವರ್ಷದ ಕೋಲಿನ ಮೇಲೆ ಜೂನ್, ಜುಲೈನಲ್ಲಿ ಹಣ್ಣು ಬಿಡುತ್ತವೆ. ಹಣ್ಣು ಮುಗಿದ ಕೋಲನ್ನು ಕೂಡಲೇ ಬುಡಕ್ಕೆ ತೆಗೆದು, ಈ ವರ್ಷದ ಹಸಿರು ಕೋಲುಗಳಲ್ಲಿ ಗಟ್ಟಿಯಾದವನ್ನು ತಂತಿಗೆ ಕಟ್ಟಬೇಕು. ಶರತ್ಕಾಲದ ತಳಿಗಳು ಈ ವರ್ಷ ಎದ್ದ ಕೋಲಿನ ತುದಿಯಲ್ಲೇ ಆಗಸ್ಟಿನಿಂದ ಹಿಮ ಬೀಳುವವರೆಗೂ ಕೊಡುತ್ತವೆ. ಇವನ್ನು ಫೆಬ್ರವರಿಯಲ್ಲಿ ಇಡೀ ಸಾಲು ನೆಲಮಟ್ಟಕ್ಕೆ ಕೊಯ್ದುಬಿಟ್ಟರೆ ಆಯಿತು. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಯಾವ ಕೋಲು ಯಾವುದರದ್ದೆಂದು ಯಾರಿಂದಲೂ ಹೇಳಲಾಗದು, ಬೇರೆ ಬೇರೆ ಸಾಲು ಮಾಡಿ ಹೆಸರಿನ ಚೀಟಿ ಕಟ್ಟಿ. ಒಂದೇ ಬಗೆಗೆ ಜಾಗವಿರುವವರಿಗೆ ನನ್ನ ಖಚಿತ ಸಲಹೆ ಶರತ್ಕಾಲದ್ದು. ಕೆಂಟ್‌ನ ಈಸ್ಟ್ ಮಾಲಿಂಗ್ ಕೇಂದ್ರದಲ್ಲಿ ಹುಟ್ಟಿದ ಆಟಮ್ ಬ್ಲಿಸ್ ನೆಟ್ಟ ವರ್ಷವೇ ರುಚಿ ತೋರಿಸುತ್ತದೆ, ತಂತಿಯೂ ಅಷ್ಟಾಗಿ ಬೇಡ, ಹಕ್ಕಿಗಳ ಕಾಟವೂ ಕಡಿಮೆ.

ಪಕ್ಕದ ತಾಕಿನವರು ರಾಸ್ಪ್‌ಬೆರಿ ಕಂದುಗಳನ್ನು ಬುಟ್ಟಿ ತುಂಬ ಕೊಡಲು ಬರುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ಬೇಡವೆನ್ನಿ. ಸಸ್ಯಹೇನುಗಳಿಂದ ಹರಡುವ ವೈರಸ್‌ಗಳು ಹಳೇ ಸಾಲುಗಳಲ್ಲಿ ವರ್ಷಗಟ್ಟಲೆ ಸೇರಿಕೊಂಡಿರುತ್ತವೆ, ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಪ್ರಮಾಣೀಕರಿಸಿದ ನರ್ಸರಿ ಗಿಡಕ್ಕೆ ದುಡ್ಡು ಕೊಡಿ, ಹಳೇ ರಾಸ್ಪ್‌ಬೆರಿ ಇದ್ದ ಜಾಗ ಬಿಟ್ಟು ಬೇರೆ ಕಡೆ ನೆಡಿ. ಬ್ಲ್ಯಾಕ್‌ಬೆರಿಯ ವಿಷಯ ಹೆಚ್ಚು ಹೇಳುವುದಿಲ್ಲ. ಒಂದು ಗಿಡ ಹತ್ತು ಹನ್ನೆರಡು ಅಡಿ ಕೇಳುತ್ತದೆ, ಅದರ ಹಣ್ಣು ಇಲ್ಲಿನ ಬೇಲಿಸಾಲುಗಳಲ್ಲಿ ಪುಕ್ಕಟೆ ಸಿಗುತ್ತದೆ.

ಹಣ್ಣು ಕೆಂಪಾಗುವ ಮುಂಚೆ ಬಲೆ ಕಟ್ಟಬೇಕು, ಇಲ್ಲದಿದ್ದರೆ ಕೆಂಪು ಕರಂಟ್ ಪೂರ್ತಿ ಬ್ಲ್ಯಾಕ್‌ಬರ್ಡ್ ಪಾಲು. ಬಲೆ ಬಿಗಿಯಾಗಿರಲಿ, ಸಡಿಲ ಬಲೆಯಲ್ಲಿ ಮುಳ್ಳುಹಂದಿ ಜಾತಿಯಂತೆ ಕಾಣುವ ಪುಟ್ಟ ಹೆಜ್‌ಹಾಗ್‌ಗಳು ಸಿಕ್ಕಿ ಸಾಯುತ್ತವೆ. ಹೂವಿನ ಕಾಲದಲ್ಲಿ ಬಲೆ ತೆಗೆದಿಡಿ, ದುಂಬಿ ಬರಬೇಕು.

ಬೆಳೆದದ್ದನ್ನು ಏನು ಮಾಡುತ್ತೀಯೆಂದು ಅಮ್ಮ ಕೇಳುತ್ತಾರೆ. ಜೂನ್ ಹೊತ್ತಿಗೆ ಎಳೆ ಗೂಸ್‌ಬೆರಿಯನ್ನು ಅರ್ಧದಷ್ಟು ಕಿತ್ತು ಉಳಿದವನ್ನು ದೊಡ್ಡದಾಗಲು ಬಿಡುವುದು ಇಲ್ಲಿನ ಪದ್ಧತಿ. ಆ ಎಳೆ ಕಾಯಿಗೆ ಮಾವಿನಕಾಯಿಯ ಹುಳಿ ಇದೆ. ತುರಿದ ಮಾವಿನಕಾಯಿಯ ಬದಲು ಅದನ್ನೇ ಜಜ್ಜಿ ಹಾಕಿ ಚಿತ್ರಾನ್ನ ಮಾಡುತ್ತೇನೆ, ಬೆಲ್ಲ ಮೆಂತ್ಯ ಹಾಕಿದ ಗೊಜ್ಜು ಅದಕ್ಕಿಂತ ಚೆನ್ನ. ಕಪ್ಪು ಕರಂಟ್ ಜಾಮ್ ಮಾಡುವವರು ಹಣ್ಣನ್ನು ಮೊದಲು ನೀರಿನಲ್ಲಿ ಮೆತ್ತಗೆ ಬೇಯಿಸಿ ಆಮೇಲೆ ಸಕ್ಕರೆ ಹಾಕಬೇಕು, ಮೊದಲೇ ಹಾಕಿದರೆ ಸಿಪ್ಪೆ ಗಟ್ಟಿಯಾಗಿಬಿಡುತ್ತದೆ.

ಕರ್ನಾಟಕದಲ್ಲಿ ಇವನ್ನು ಬೆಳೆಯಬಹುದೇ? ಕಪ್ಪು ಕರಂಟ್ ಬೇಡವೇ ಬೇಡ. ಅದರ ಮೊಗ್ಗು ಸರಿಯಾಗಿ ಒಡೆಯಲು ಚಳಿಗಾಲದಲ್ಲಿ ಸಾವಿರಕ್ಕೂ ಹೆಚ್ಚು ಗಂಟೆ 7 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಚಳಿಗಾಲಗಳು ಬೆಚ್ಚಗಾಗುತ್ತಿರುವ ಇಂಗ್ಲೆಂಡಿನಲ್ಲೇ ಈಗ ಕೆಲವು ವರ್ಷ ಅಷ್ಟು ತಂಪು ಸಿಗದೆ ಗಿಡಗಳು ಅರೆಬರೆ ಚಿಗುರುತ್ತಿವೆ, ಕಡಿಮೆ ಚಳಿಗೆ ಒಗ್ಗುವ ತಳಿಗಾಗಿ ಸಂಶೋಧಕರು ಹೆಣಗುತ್ತಿದ್ದಾರೆ. ಆನ್‌ಲೈನಿನಲ್ಲಿ ಬಣ್ಣದ ಚಿತ್ರ ತೋರಿಸಿ ಬೆಂಗಳೂರಿನ ತಾರಸಿಗೆ ಮಾರುವವರನ್ನು ನಂಬಬೇಡಿ. ಆದರೆ ರಾಸ್ಪ್‌ಬೆರಿಯಲ್ಲಿ ನಮ್ಮದೇ ಒಂದು ಇದೆ. ರೂಬಸ್ ನಿವಿಯಸ್ ಎಂಬ, ಬಿಳಿ ಬೂದಿ ಮೆತ್ತಿದಂಥ ಕೋಲಿನ, ಮಾಗಿದಾಗ ಕಪ್ಪಗಾಗುವ ಕಾಡುಹಣ್ಣು ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲೂ ಹಿಮಾಲಯದ ಸೆರಗಿನಲ್ಲೂ ಇದೆ. ಜಗತ್ತಿನ ತೋಟಗಾರರು ಅದನ್ನು ಕರೆಯುವುದೇ ಮೈಸೂರು ರಾಸ್ಪ್‌ಬೆರಿ ಎಂದು. ಚಳಿಯ ಹಂಗಿಲ್ಲದ್ದರಿಂದ ಫ್ಲೋರಿಡಾದಂಥ ಕಡೆಯೂ ಬೆಳೆಸುತ್ತಾರೆ. ತನ್ನದಲ್ಲದ ಗಲಾಪಗೋಸ್ ದ್ವೀಪಗಳಲ್ಲಿ ಅದು ಕಾಡನ್ನೇ ನುಂಗುವ ಕಳೆಯಾಗಿದೆ. ಅದರ ಸ್ವಂತ ನೆಲವಾದ ನಮ್ಮ ಘಟ್ಟದ ಅಂಚಿನ ತೋಟಗಳಲ್ಲಿ ಬೇಲಿಗುಂಟ ಅದನ್ನು ನೆಟ್ಟು ಕತ್ತರಿಯಿಂದ ಹದದಲ್ಲಿಡುವವರು ಹೆಚ್ಚಬೇಕೆಂದು ನನ್ನ ಆಸೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಕೊನೆಯದಾಗಿ ಇಷ್ಟು. ತಾಕಿಗಾಗಿ ಕೌನ್ಸಿಲ್‌ನ ಕಾಯುವ ಪಟ್ಟಿಗೆ ಇವತ್ತೇ ಹೆಸರು ಬರೆಸಿ, ಕೆಲವು ಊರುಗಳಲ್ಲಿ ವರ್ಷಗಳೇ ಹಿಡಿಯುತ್ತವೆ. ನಿಮ್ಮ ಊರಿನಲ್ಲಿ ಅಲಾಟ್‌ಮೆಂಟೇ ಇಲ್ಲವಾದರೆ ಆರು ಜನ ತೆರಿಗೆದಾರರೋ ಮತದಾರರೋ ಸೇರಿ ಬರೆದುಕೊಡಿ. ಲಂಡನ್ ನಗರದ ಒಳಭಾಗ ಬಿಟ್ಟು ಉಳಿದ ಕಡೆ ಆ ಅರ್ಜಿಯನ್ನು ಪರಿಗಣಿಸಲೇಬೇಕೆಂದು 1908ರ ಕಾಯ್ದೆ ಹೇಳುತ್ತದೆ.